ಹೆಸರಿನ ಕ್ರಯ-ವಿಕ್ರಯ ಮತ್ತು ಶ್ರಾವಕಾಚಾರ: ಒಂದು ವಿಮರ್ಶೆ

ವ್ಯಾಪಾರವು ಶ್ರಾವಕನಿಗೆ ನಿಷಿದ್ಧವಲ್ಲ. ನ್ಯಾಯದಿಂದ ಗಳಿಸಿದ ಧನದಿಂದ ಸಂಸಾರವನ್ನು ನಡೆಸಿ, ಅದರಲ್ಲೊಂದು ಭಾಗವನ್ನು ದಾನಕ್ಕೆ ವಿನಿಯೋಗಿಸುವುದು ಗೃಹಸ್ಥಧರ್ಮವೆಂದು ನಮ್ಮ ಆಚಾರ್ಯರು ಒಪ್ಪಿದ್ದಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪೇಟೆಗಳಲ್ಲಿ ಅಡತಿ, ಬಟ್ಟೆ, ಕಿರಾಣಿ ಅಂಗಡಿಗಳನ್ನು ನಡೆಸಿಕೊಂಡು ಬಂದ ಕುಟುಂಬಗಳಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಕಾಲಕಾಲಕ್ಕೆ ಹೊಸ ಸರಕು ಪೇಟೆಗೆ ಬರುತ್ತದೆ. ಹಳೆಯ ತಕ್ಕಡಿಯಿಂದ ಅದನ್ನು ತೂಗಬಹುದೇ ಎಂಬ ಪ್ರಶ್ನೆ ಆಗ ಏಳುತ್ತದೆ. ಅಂಥದೊಂದು ಸರಕು ಅಂತರಜಾಲದ ಹೆಸರು, ಅಂದರೆ ಡೊಮೇನ್ ನೇಮ್. ಇದನ್ನು ಕೊಂಡು, ಕೆಲಕಾಲ ಇಟ್ಟುಕೊಂಡು, ಹೆಚ್ಚಿನ ಬೆಲೆಗೆ ಮಾರುವುದು ಈಗ ಒಂದು ವ್ಯವಹಾರವಾಗಿ ಬೆಳೆದಿದೆ. ಅದರ ಗುಣದೋಷಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಲೇಖಕನಿಗೆ ವಿಷಯವು ಪುಸ್ತಕದಿಂದ ಬಂದದ್ದಲ್ಲ. ನಮ್ಮ ಭಾಗದ ಒಂದು ಬಸದಿಯ ಟ್ರಸ್ಟಿನಲ್ಲಿ ಕಾರ್ಯದರ್ಶಿಯಾಗಿದ್ದಾಗ, ಬಸದಿಯ ಹೆಸರಿನಲ್ಲಿ ಒಂದು ಜಾಲತಾಣವನ್ನು ಮಾಡಿಸಿದ್ದೆವು. ಗಣಕಯಂತ್ರದ ಅಂಗಡಿಯನ್ನಿಟ್ಟಿದ್ದ ಒಬ್ಬ ತರುಣನು ಎಲ್ಲವನ್ನೂ ಮಾಡಿಕೊಟ್ಟನು. ಬಿಲ್ಲಿಗೆ ಸಹಿ ಹಾಕಿದವನು ನಾನು. ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೆಂದು ನಾನು ನೋಡಲಿಲ್ಲ. ಅದು ಆ ತರುಣನ ಸ್ವಂತ ಹೆಸರಿನಲ್ಲಿತ್ತು. ಕೆಲವು ವರ್ಷಗಳ ಮೇಲೆ ಅವನು ಅಂಗಡಿಯನ್ನು ಮುಚ್ಚಿ ಊರು ಬಿಟ್ಟನು. ವಾರ್ಷಿಕ ಶುಲ್ಕ ಕಟ್ಟುವವರಿಲ್ಲದೆ ನೋಂದಣಿ ರದ್ದಾಯಿತು. ಅಪರಿಚಿತನೊಬ್ಬನು ಆ ಹೆಸರನ್ನು ಹಿಡಿದುಕೊಂಡನು. ಭಗವಂತನ ಅಭಿಷೇಕದ ಚಿತ್ರವಿದ್ದ ಪುಟದಲ್ಲಿ ಜೂಜಿನ ಜಾಹೀರಾತುಗಳು ಕಾಣಿಸಿಕೊಂಡವು. ಮರಳಿ ಕೊಡಲು ಆತ ಕೇಳಿದ ಮೊತ್ತ ಎರಡು ಲಕ್ಷ ರೂಪಾಯಿಗೆ ಮಿಕ್ಕಿತ್ತು.

ಟ್ರಸ್ಟಿನ ಸಭೆಯಲ್ಲಿ ಹಿರಿಯರೊಬ್ಬರು, ಪೂಜೆಯ ಹಣವನ್ನು ಇಂಥವನಿಗೆ ಕೊಡಲಾಗದು ಎಂದರು. ಇನ್ನೊಬ್ಬರು, ಅವಮಾನ ತಪ್ಪಿದರೆ ಸಾಕು, ಕೊಟ್ಟುಬಿಡೋಣ ಎಂದರು. ಆಗ ವಾಣಿಜ್ಯ ಪದವೀಧರನಾದ ಒಬ್ಬ ಯುವಕನು, ತಾನೂ ಹೀಗೆಯೇ ಮೂರು ಹೆಸರುಗಳನ್ನು ಕೊಂಡಿಟ್ಟಿರುವುದಾಗಿ ತಿಳಿಸಿ, "ಸರ್ಕಾರವೂ ಇದನ್ನು ತಡೆದಿಲ್ಲ, ಶುಲ್ಕವನ್ನೂ ಕಟ್ಟಿದ್ದೇನೆ. ಇದು ಕಳವು ಹೇಗಾಗುತ್ತದೆ?" ಎಂದು ಕೇಳಿದನು. ಸಭೆಯಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಅವನ ಪ್ರಶ್ನೆ ಉದ್ಧಟತನದ್ದಲ್ಲ, ಪ್ರಾಮಾಣಿಕವಾದದ್ದು. ಆದುದರಿಂದ ಪ್ರಾಮಾಣಿಕವಾದ ಉತ್ತರಕ್ಕೆ ಅರ್ಹವಾದದ್ದು.

ಮೊದಲು ಈ ಸರಕಿನ ಸ್ವರೂಪವನ್ನು ತಿಳಿಯಬೇಕು. ಅಂತರಜಾಲದಲ್ಲಿ ಪ್ರತಿಯೊಂದು ಗಣಕಯಂತ್ರಕ್ಕೂ ಅಂಕಿಗಳ ವಿಳಾಸವಿರುತ್ತದೆ. ಅಂಕಿಗಳನ್ನು ನೆನಪಿಡುವುದು ಕಷ್ಟವಾದ್ದರಿಂದ ಅವುಗಳಿಗೆ ಬದಲಾಗಿ ಹೆಸರುಗಳನ್ನು ಬಳಸುತ್ತಾರೆ. ಒಂದು ಹೆಸರು ಜಗತ್ತಿನಲ್ಲೆಲ್ಲ ಒಬ್ಬನಿಗೆ ಮಾತ್ರ ಸಲ್ಲುತ್ತದೆ. ಮೊದಲು ಕೇಳಿದವನಿಗೆ ಮೊದಲು ಕೊಡುವುದು ನಿಯಮ. ಡಾಟ್ ಕಾಮ್ ಎಂಬ ಗುಂಪಿನ ಮೊದಲ ಹೆಸರು ದಾಖಲಾದದ್ದು 1985ರ ಮಾರ್ಚ್ 15ರಂದು. 1995ರವರೆಗೆ ಇದಕ್ಕೆ ಶುಲ್ಕವೇ ಇರಲಿಲ್ಲ. ಆ ವರ್ಷ ಎರಡು ವರ್ಷಗಳ ಅವಧಿಗೆ 100 ಡಾಲರ್ ನಿಗದಿಯಾಯಿತು. ಆಮೇಲೆ ಸ್ಪರ್ಧೆ ಬಂದು ದರ ಇಳಿಯಿತು. 2024ರ ಸೆಪ್ಟೆಂಬರಿನಲ್ಲಿ ಡಾಟ್ ಕಾಮ್ ಹೆಸರೊಂದಕ್ಕೆ ಮೂಲ ಸಂಸ್ಥೆಯು ಪಡೆಯುವ ವಾರ್ಷಿಕ ದರ 10 ಡಾಲರ್ 26 ಸೆಂಟ್ ಆಯಿತು. ಇಂಥ ಹೆಸರುಗಳು ಈಗ 15 ಕೋಟಿಗೂ ಹೆಚ್ಚು ಇವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ಒಂದರಿಂದ ಹತ್ತು ವರ್ಷಗಳವರೆಗೆ ಗುತ್ತಿಗೆಗೆ ಪಡೆಯುತ್ತಾರೆ. ಅವಧಿ ಮುಗಿದ ಮೇಲೆ ಕೆಲವು ದಿನಗಳ ರಿಯಾಯಿತಿ, ತರುವಾಯ ಹೆಚ್ಚಿನ ಶುಲ್ಕ ಕೊಟ್ಟು ಬಿಡಿಸಿಕೊಳ್ಳಲು 30 ದಿನ, ಕೊನೆಗೆ ಅಳಿಸಿಹಾಕುವ ಮುನ್ನ 5 ದಿನ ಇರುತ್ತವೆ. ಆಮೇಲೆ ಹೆಸರು ಬಯಲಿಗೆ ಬೀಳುತ್ತದೆ. ಬೀಳುವ ಕ್ಷಣಕ್ಕಾಗಿಯೇ ಕಾದು ಕುಳಿತು, ಯಂತ್ರಗಳ ಸಹಾಯದಿಂದ ಅದನ್ನು ಎತ್ತಿಕೊಳ್ಳುವ ಸಂಸ್ಥೆಗಳಿವೆ. ನಮ್ಮ ಬಸದಿಯ ಹೆಸರು ಹೋದದ್ದು ಈ ದಾರಿಯಲ್ಲೇ.

ಮರುಮಾರಾಟದ ಪೇಟೆ ಎಷ್ಟು ದೊಡ್ಡದೆಂಬುದಕ್ಕೆ ಒಂದೆರಡು ಉದಾಹರಣೆ ಸಾಕು. ವ್ಯವಹಾರ ಎಂಬರ್ಥದ ಬಿಸಿನೆಸ್ ಡಾಟ್ ಕಾಮ್ ಎಂಬ ಹೆಸರು 1997ರಲ್ಲಿ ಒಂದೂವರೆ ಲಕ್ಷ ಡಾಲರಿಗೂ, ಎರಡೇ ವರ್ಷಗಳ ತರುವಾಯ 1999ರಲ್ಲಿ 75 ಲಕ್ಷ ಡಾಲರಿಗೂ ಮಾರಾಟವಾಯಿತು. ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರಿಗೆ ಹೋಯಿತು. ಇಂಥ ಸುದ್ದಿಗಳನ್ನು ಓದಿ ನಮ್ಮ ಯುವಕರ ಮನಸ್ಸು ಅತ್ತ ಹರಿಯುವುದು ಸಹಜ. ಕೊಂಡಿಟ್ಟ ಹೆಸರುಗಳಲ್ಲಿ ಬಹುಪಾಲು ಎಂದೂ ಮಾರಾಟವಾಗದೆ ವರ್ಷವರ್ಷವೂ ಶುಲ್ಕವನ್ನು ನುಂಗುತ್ತವೆ ಎಂಬುದು ಸುದ್ದಿಯಾಗುವುದಿಲ್ಲ.

ಈ ವ್ಯಾಪಾರವನ್ನೆಲ್ಲ ಒಂದೇ ಮಾತಿನಲ್ಲಿ ಪಾಪವೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಮ್ಮ ಇಂಡಿ ಪಟ್ಟಣವನ್ನೇ ತೆಗೆದುಕೊಳ್ಳಬಹುದು. ರೋಮನ್ ಲಿಪಿಯಲ್ಲಿ ಈ ಹೆಸರಿಗೆ ನಾಲ್ಕೇ ಅಕ್ಷರ. ಇಪ್ಪತ್ತಾರು ಅಕ್ಷರಗಳಿಂದ ನಾಲ್ಕಕ್ಷರದ ಸಂಯೋಜನೆಗಳು 4,56,976 ಮಾತ್ರ ಆಗುತ್ತವೆ. ಡಾಟ್ ಕಾಮ್ ಗುಂಪಿನಲ್ಲಿ ಇವೆಲ್ಲವೂ ಎಂದೋ ನೋಂದಣಿಯಾಗಿಹೋಗಿವೆ. ಹೀಗೆ ಕೊಂಡವರಿಗೆ ವಿಜಯಪುರ ಜಿಲ್ಲೆಯಲ್ಲಿ ಇಂಡಿ ಎಂಬ ಊರಿದೆಯೆಂದು ತಿಳಿದಿರಬೇಕಾಗಿಲ್ಲ. ಅವರಿಗೆ ಬೇಕಾದದ್ದು ಚಿಕ್ಕ ಹೆಸರು. ಹೆಸರು ಚಿಕ್ಕದಾದಷ್ಟೂ ಬೆಲೆ ದೊಡ್ಡದು. ಇಂಥವನನ್ನು ಇಂಡಿಯವರ ಸ್ವತ್ತನ್ನು ಕದ್ದವನೆಂದು ಹೇಳಲಾಗದು. ಹಾಗೆಯೇ ಸಾಮಾನ್ಯವಾದ ಒಂದು ಶಬ್ದವನ್ನು ಮೊದಲೇ ಪಡೆದು, ಬೇಕೆಂದು ಬಂದವನಿಗೆ ಮಾರುವವನು ನಿವೇಶನದ ವ್ಯಾಪಾರಿಯಂತೆ ನಡೆದುಕೊಂಡಿದ್ದಾನೆ. ಅವನೂ ಬಂಡವಾಳ ಹೂಡುತ್ತಾನೆ, ನಷ್ಟದ ಭಯವನ್ನು ಹೊರುತ್ತಾನೆ.

ಆದರೆ ಅವನು ಚೌರ್ಯದಿಂದ ಮುಕ್ತನಾದರೂ ಪರಿಗ್ರಹದ ಪ್ರಶ್ನೆಯಿಂದ ಮುಕ್ತನಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ಅತಿಸಂಗ್ರಹವನ್ನು ಸೇರಿಸಿದ್ದಾರೆ. ತೊಗರಿಯನ್ನೋ ಜೋಳವನ್ನೋ ದಾಸ್ತಾನು ಮಾಡಿದ ವ್ಯಾಪಾರಿಗೆ ಗೋದಾಮು ಬೇಕು. ನುಸಿ ಹಿಡಿಯುವ ಭಯವಿದೆ. ಮುಂದಿನ ಸುಗ್ಗಿ ಬರುವುದರೊಳಗೆ ಅವನು ಮಾರಲೇಬೇಕು. ಪ್ರಕೃತಿಯೇ ಅವನ ಲೋಭಕ್ಕೊಂದು ಮೇರೆಯನ್ನಿಟ್ಟಿದೆ. ಹೆಸರಿಗೆ ನುಸಿ ಹಿಡಿಯುವುದಿಲ್ಲ, ಗೋದಾಮು ಬೇಕಿಲ್ಲ. ಸಾವಿರ ಹೆಸರುಗಳನ್ನು ಒಂದು ಕೋಣೆಯಲ್ಲಿ ಕುಳಿತು ಕೂಡಿಹಾಕಬಹುದು. ಹೊರಗಿನ ಮೇರೆ ಇಲ್ಲದಲ್ಲಿ ಒಳಗಿನ ಮೇರೆಯನ್ನು ತಾನೇ ಹಾಕಿಕೊಳ್ಳಬೇಕು. ವ್ರತವೆಂದರೆ ಅದೇ.

ಮೇರೆ ಇಲ್ಲದ ಲೋಭವು ಎಲ್ಲಿಗೆ ಹೋಗಬಹುದೆಂಬುದಕ್ಕೆ ನಡೆದ ಸಂಗತಿಯೊಂದಿದೆ. ತಪ್ಪಾಗಿ ನೋಂದಣಿ ಮಾಡಿದವರಿಗೆ ಅನುಕೂಲವಾಗಲೆಂದು, ಐದು ದಿನಗಳೊಳಗೆ ಹೆಸರನ್ನು ಮರಳಿಸಿದರೆ ಶುಲ್ಕವಿಲ್ಲ ಎಂಬ ನಿಯಮವಿತ್ತು. ಕೆಲವರು ಲಕ್ಷಾಂತರ ಹೆಸರುಗಳನ್ನು ಪಡೆದು, ಯಾವುದರತ್ತ ಜನ ಬರುತ್ತಾರೆಂದು ಐದು ದಿನ ನೋಡಿ, ಲಾಭವಿಲ್ಲದವನ್ನು ಹಿಂದಿರುಗಿಸತೊಡಗಿದರು. ಪೇಟೆಯಲ್ಲಿ ಹಣ್ಣನ್ನೆಲ್ಲ ಕಚ್ಚಿ ನೋಡಿ ಬುಟ್ಟಿಗೆ ಮರಳಿ ಹಾಕಿದಂತಾಯಿತು. ಅಂತರಜಾಲದ ಹೆಸರುಗಳನ್ನು ನಿಯಂತ್ರಿಸುವ ಐಕಾನ್ ಸಂಸ್ಥೆಯು 2008-09ರಲ್ಲಿ ಇಂಥ ಮರಳಿಕೆಗೆ ಶುಲ್ಕ ವಿಧಿಸಿದ ಮೇಲೆ ಇದು ನಿಂತಿತು. ಕಾನೂನಿನ ಉಪಕಾರವನ್ನೇ ಉಪಾಯವಾಗಿ ಬಳಸಿಕೊಂಡ ಉದಾಹರಣೆಯಿದು.

ಇನ್ನು ಎರಡನೆಯ ಬಗೆ. ಇನ್ನೊಬ್ಬನ ಪ್ರಸಿದ್ಧವಾದ ಹೆಸರಿನಲ್ಲಿ ಒಂದಕ್ಷರವನ್ನು ಹೆಚ್ಚಿಸಿಯೋ ತಗ್ಗಿಸಿಯೋ ಪಡೆಯುವುದು. ಈ ವಿಷಯದಲ್ಲಿ ಭಾರತದ ಕಾನೂನಿಗೆ ದಾರಿ ತೋರಿದ ಮೊಕದ್ದಮೆ ಕರ್ನಾಟಕದ್ದೇ ಎಂಬುದನ್ನು ನಮ್ಮವರಲ್ಲಿ ಬಹುಮಂದಿ ಅರಿಯರು. ಸತ್ಯಂ ಇನ್ಫೋವೇ ಎಂಬ ಸಂಸ್ಥೆಯು ತನ್ನ ಹೆಸರಿನ ಅಕ್ಷರಗಳಿಂದ ಸಿಫಿ ಎಂಬ ಹೊಸ ಶಬ್ದವನ್ನು ಕಟ್ಟಿ, 1999ರ ಜೂನಿನಲ್ಲಿ ಸಿಫಿನೆಟ್ ಮೊದಲಾದ ಹೆಸರುಗಳನ್ನು ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಸಂಸ್ಥೆಯು ಅದೇ ಶಬ್ದಕ್ಕೆ ಒಂದು ಅಕ್ಷರವನ್ನು ಇಮ್ಮಡಿಸಿ ಸಿಫ್ಫಿನೆಟ್ ಎಂಬ ಹೆಸರಿನಲ್ಲಿ ವ್ಯವಹಾರ ಆರಂಭಿಸಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ಎರಡನೆಯವರಿಗೆ ತಾತ್ಕಾಲಿಕ ತಡೆಯಾಜ್ಞೆ ನೀಡಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಇಬ್ಬರ ವ್ಯವಹಾರವೂ ಬೇರೆ, ಅನಾನುಕೂಲ ಹೆಚ್ಚಾಗುವುದು ಎರಡನೆಯವರಿಗೇ ಎಂದು ಭಾವಿಸಿ ಆ ಆಜ್ಞೆಯನ್ನು ತೆಗೆದುಹಾಕಿತು. ವಿಷಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2004ರ ಮೇ 6ರಂದು ನ್ಯಾಯಮೂರ್ತಿ ರೂಮಾ ಪಾಲ್ ಮತ್ತು ನ್ಯಾಯಮೂರ್ತಿ ಪಿ. ವೆಂಕಟರಾಮ ರೆಡ್ಡಿ ಅವರ ಪೀಠವು ಸತ್ಯಂ ಇನ್ಫೋವೇ ಪರವಾಗಿ ತೀರ್ಪು ನೀಡಿ, ಬೆಂಗಳೂರಿನ ನ್ಯಾಯಾಲಯದ ಆಜ್ಞೆಯನ್ನು ಪುನಃಸ್ಥಾಪಿಸಿತು.

ಡೊಮೇನ್ ಹೆಸರು ಬರಿಯ ವಿಳಾಸವಾಗಿ ಉಳಿದಿಲ್ಲ, ವ್ಯವಹಾರದ ಗುರುತಾಗಿದೆ. ಆದುದರಿಂದ ವ್ಯಾಪಾರ ಚಿಹ್ನೆಗೆ ಸಲ್ಲುವ ರಕ್ಷಣೆ ಅದಕ್ಕೂ ಸಲ್ಲಬಹುದು ಎಂಬುದು ಈ ತೀರ್ಪಿನ ಸಾರ. ಆದರೆ ನಮ್ಮ ದೃಷ್ಟಿಗೆ ಇನ್ನೊಂದು ಭಾಗ ಹೆಚ್ಚು ವಿಚಾರಣೀಯವಾಗಿದೆ. ಎರಡನೆಯ ಸಂಸ್ಥೆಯವರು, ತಮ್ಮ ಶಬ್ದವು ಐದು ಮಂದಿ ಪ್ರವರ್ತಕರ ಹೆಸರುಗಳ ಮೊದಲಕ್ಷರಗಳಿಂದ ಆದದ್ದೆಂದು ವಿವರಿಸಿದ್ದರು. ನ್ಯಾಯಾಲಯ ಈ ವಿವರಣೆಯನ್ನು ನಂಬಲಿಲ್ಲ. ಒಂದು ಹೆಸರನ್ನು ಏಕೆ ಆರಿಸಿಕೊಂಡೆ ಎಂಬ ಪ್ರಶ್ನೆಗೆ ನೇರವಾದ ಉತ್ತರವಿಲ್ಲದಿದ್ದರೆ ಅಲ್ಲಿ ಏನೋ ದೋಷವಿದೆಯೆಂಬುದನ್ನು ತಿಳಿಯಲು ನ್ಯಾಯಾಧೀಶರೇ ಆಗಬೇಕೆಂದಿಲ್ಲ. ಪಕ್ಕದಂಗಡಿಯವನ ಪೇಢಿಯ ಹೆಸರನ್ನು ಅರ್ಧ ಅಕ್ಷರ ಬದಲಿಸಿ ಫಲಕ ಬರೆಸಿದವನನ್ನು ಪೇಟೆಯ ಹಮಾಲನೂ ಗುರುತಿಸುತ್ತಾನೆ.

ನಮ್ಮ ಶಾಸ್ತ್ರಕಾರರು ಇದಕ್ಕೆ ಹೆಸರನ್ನೇ ಇಟ್ಟಿದ್ದಾರೆ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು ಹೇಳುತ್ತದೆ. ಸಮಂತಭದ್ರರು ಅದನ್ನೇ ಸದೃಶಸನ್ಮಿಶ್ರವೆಂದು ಕರೆಯುತ್ತಾರೆ. ಹೋಲಿಕೆಯುಳ್ಳ ಕೀಳು ವಸ್ತುವನ್ನು ಒಳ್ಳೆಯದರೊಡನೆ ಬೆರೆಸಿ ಮಾರುವುದೆಂದು ಅದರ ತಾತ್ಪರ್ಯ. ತುಪ್ಪಕ್ಕೆ ಎಣ್ಣೆ ಬೆರೆಸುವವನೂ ಹೆಸರಿಗೆ ಅಕ್ಷರ ಬೆರೆಸುವವನೂ ಮಾಡುವುದು ಒಂದೇ: ಕೊಳ್ಳುವವನ ಕಣ್ಣಿನ ನಂಬಿಕೆಯನ್ನು ಬಳಸಿಕೊಳ್ಳುವುದು. ನಮ್ಮ ಊರುಗಳಿಗೆ ಈ ಅಪಾಯ ಹೆಚ್ಚು. ಕನ್ನಡದಲ್ಲಿ ಒಂದೇ ರೂಪವುಳ್ಳ ಸಿಂದಗಿಯನ್ನು ರೋಮನ್ ಲಿಪಿಯಲ್ಲಿ ನಡುವಣ ಸ್ವರವನ್ನು ಸೇರಿಸಿಯೂ ಬಿಟ್ಟೂ ಬರೆಯುತ್ತಾರೆ. ಬಾಗೇವಾಡಿಯ ವಕಾರಕ್ಕೆ ಎರಡು ಅಕ್ಷರಗಳು ರೂಢಿಯಲ್ಲಿವೆ. ಮುದ್ದೇಬಿಹಾಳದ ಕೊನೆಯ ಸ್ವರವು ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಟ್ರಸ್ಟ್ ಒಂದು ರೂಪವನ್ನು ಪಡೆದರೆ ಮತ್ತೊಂದು ಇನ್ನೊಬ್ಬನಿಗೆ ತೆರೆದಿರುತ್ತದೆ. ದಾನ ಕಳಿಸುವ ಭಕ್ತನು ಎರಡಕ್ಕೂ ವ್ಯತ್ಯಾಸ ಕಾಣಲಾರನು.

ಮೂರನೆಯ ಬಗೆಯೇ ಯುವಕನ ಪ್ರಶ್ನೆಗೆ ಹತ್ತಿರವಾದದ್ದು. ಇನ್ನೊಬ್ಬನ ಹೆಸರನ್ನು, ಅವನು ಕೇಳುವ ಮೊದಲೇ, ಅವನಿಗೇ ಮಾರಬೇಕೆಂಬ ಉದ್ದೇಶದಿಂದ ಪಡೆದಿಡುವುದು. 1999ರ ಅಕ್ಟೋಬರಿನಲ್ಲಿ ಅಮೆರಿಕದ ಒಬ್ಬನು ಅಲ್ಲಿನ ಕುಸ್ತಿ ಸಂಸ್ಥೆಯ ಪೂರ್ಣ ಹೆಸರನ್ನು ನೋಂದಾಯಿಸಿ, ಮೂರೇ ದಿನಗಳಲ್ಲಿ ಅದನ್ನು ಆ ಸಂಸ್ಥೆಗೇ 1,000 ಡಾಲರಿಗೆ ಮಾರಲು ಮುಂದಾದನು. ಐಕಾನ್ ಆಗತಾನೇ ಜಾರಿಗೆ ತಂದಿದ್ದ ವಿವಾದ ಪರಿಹಾರ ನಿಯಮಾವಳಿಯ ಕೆಳಗೆ ತೀರ್ಮಾನವಾದ ಮೊದಲ ಪ್ರಕರಣವಿದು. 2000ದ ಜನವರಿಯಲ್ಲಿ ಹೆಸರನ್ನು ಕುಸ್ತಿ ಸಂಸ್ಥೆಗೆ ಒಪ್ಪಿಸಬೇಕೆಂದು ಆದೇಶವಾಯಿತು. ಇಂದು ಜಿನೀವಾದ ವಿಶ್ವ ಬೌದ್ಧಿಕ ಸ್ವತ್ತಿನ ಸಂಸ್ಥೆಯ ಮುಂದೆ ಬರುವ ಇಂಥ ದೂರುಗಳು 2023 ಮತ್ತು 2024ರಲ್ಲಿ ವರ್ಷಕ್ಕೆ 6,000ವನ್ನು ಮೀರಿದವು. ನಮ್ಮ ಡಾಟ್ ಇನ್ ಹೆಸರುಗಳು 2005ರಲ್ಲಿ ಎಲ್ಲರಿಗೂ ತೆರೆದಾಗ, ಅವುಗಳಿಗೂ ಇದೇ ಮಾದರಿಯ ನಿಯಮಾವಳಿ ಬಂದಿತು.

"ಶುಲ್ಕ ಕಟ್ಟಿ ಪಡೆದದ್ದು ಅದತ್ತವಲ್ಲವಲ್ಲ, ಕೊಟ್ಟವರು ಕೊಟ್ಟಿದ್ದಾರೆ" ಎಂಬುದು ಯುವಕನ ವಾದ. ವಾದದಲ್ಲಿ ಅರ್ಧ ಸತ್ಯವಿದೆ. ನೋಂದಣಿದಾರ ಸಂಸ್ಥೆ ಕೊಟ್ಟದ್ದು ಪಟ್ಟಿಯಲ್ಲಿ ಒಂದು ಸಾಲನ್ನು. ಅದರ ಬೆಲೆ ಹತ್ತು ಡಾಲರ್. ಅದು ದತ್ತವೇ ಸರಿ. ಆದರೆ ಅದನ್ನು ಎರಡು ಲಕ್ಷಕ್ಕೆ ಮಾರುವಾಗ ಆ ಉಳಿದ ಬೆಲೆ ಎಲ್ಲಿಂದ ಬಂದಿತು? ನಾಲ್ಕು ತಲೆಮಾರು ಅಂಗಡಿ ನಡೆಸಿದ ಕುಟುಂಬದ ನಡತೆಯಿಂದ, ನೂರಾರು ವರ್ಷ ಪೂಜೆ ನಡೆದ ಬಸದಿಯ ಮೇಲಣ ಭಕ್ತಿಯಿಂದ ಬಂದಿತು. ಅದನ್ನು ಯಾರೂ ಅವನಿಗೆ ಕೊಟ್ಟಿಲ್ಲ. ಹತ್ತು ಡಾಲರಿನ ಸಾಲು ದತ್ತ. ಅದರ ಮೇಲೆ ಅವನು ಪಡೆಯಬಯಸುವ ಬೆಲೆ ಅದತ್ತ. ವಿವಾದ ಪರಿಹಾರ ನಿಯಮಾವಳಿಯೂ ಇದೇ ಗೆರೆಯನ್ನು ಎಳೆದಿದೆ ಎಂಬುದು ಗಮನಾರ್ಹ. ಹೆಸರಿಗೆ ತಗಲಿದ ನೇರ ವೆಚ್ಚವನ್ನು ಮೀರಿದ ಬೆಲೆಗೆ ಹಕ್ಕುದಾರನಿಗೇ ಮಾರುವುದು ಮುಖ್ಯೋದ್ದೇಶವಾಗಿದ್ದರೆ ಅದನ್ನು ದುರುದ್ದೇಶದ ಸಾಕ್ಷ್ಯವೆಂದು ಅದು ಎಣಿಸುತ್ತದೆ.

ಇಲ್ಲಿ ಕಾನೂನಿಗೂ ಶ್ರಾವಕಾಚಾರಕ್ಕೂ ಇರುವ ಅಂತರವನ್ನು ವಿಮರ್ಶಿಸಬೇಕು. ಸಿಫಿ ತೀರ್ಪಿನ ಪ್ರಕಾರ, ಒಬ್ಬನ ಸರಕನ್ನು ಇನ್ನೊಬ್ಬನದೆಂದು ಸಾಗಿಸುವ ದೋಷವನ್ನು ಸ್ಥಾಪಿಸಲು ದುರುದ್ದೇಶವನ್ನು ಸಿದ್ಧಪಡಿಸಬೇಕಾಗಿಲ್ಲ. ಜನರಲ್ಲಿ ಭ್ರಾಂತಿ ಉಂಟಾಗುವ ಸಂಭವವಿದ್ದರೆ ಸಾಕು. ಗ್ರಾಹಕನ ರಕ್ಷಣೆಯ ದೃಷ್ಟಿಯಿಂದ ಇದು ಯುಕ್ತವೇ. ಆದರೆ ಆಚಾರ್ಯರು ಚೌರ್ಯವನ್ನು ಪ್ರಮಾದದ ಯೋಗದೊಡನೆ, ಅಂದರೆ ಕಷಾಯಯುಕ್ತವಾದ ಮನಸ್ಸಿನೊಡನೆ ಸೇರಿಸಿ ನೋಡಿದ್ದಾರೆ. ನ್ಯಾಯಾಲಯದ ತಕ್ಕಡಿ ಪರರ ಭ್ರಾಂತಿಯನ್ನು ತೂಗುತ್ತದೆ; ವ್ರತದ ತಕ್ಕಡಿ ತನ್ನ ಭಾವವನ್ನು ತೂಗುತ್ತದೆ. ಆದುದರಿಂದ ಕಾನೂನಿಗೆ ಸಿಕ್ಕದ ಒಂದು ಪ್ರದೇಶ ಉಳಿಯುತ್ತದೆ. ಹೆಸರನ್ನು ಪಡೆದವನು ಅದರಲ್ಲಿ ಯಾವ ಪುಟವನ್ನೂ ತೆರೆಯದೆ, ಯಾರನ್ನೂ ವಂಚಿಸದೆ, ಸುಮ್ಮನೆ ಕಾಯುತ್ತಿರುತ್ತಾನೆ. ಆಗ ಯಾರಿಗೂ ಭ್ರಾಂತಿಯಿಲ್ಲ. ಆದರೂ ಅವನ ಮನಸ್ಸು ಪ್ರತಿದಿನವೂ ಇನ್ನೊಬ್ಬನ ಅಡಚಣೆಗಾಗಿ ಹಾರೈಸುತ್ತಿರುತ್ತದೆ.

ತೀರ್ಪಿನ ಮೇಲೆ ಇನ್ನೊಂದು ಆಕ್ಷೇಪವನ್ನೂ ಎತ್ತಬಹುದು. ಅದು ರಕ್ಷಿಸುವುದು ಮುಖ್ಯವಾಗಿ ವಣಿಕರ ಹೆಸರನ್ನು. ಡೊಮೇನ್ ವಿವಾದಗಳಿಗೆಂದೇ ನಮ್ಮ ದೇಶದಲ್ಲಿ ಕಾಯಿದೆಯಿಲ್ಲವೆಂದು ಗುರುತಿಸಿದ ಪೀಠವು, ವ್ಯಾಪಾರ ಚಿಹ್ನೆಗಳ ಕಾನೂನನ್ನೇ ವಿಸ್ತರಿಸಿತು. ಸಣ್ಣ ಊರಿನ ಬಸದಿಗೆ ನೋಂದಾಯಿತ ಚಿಹ್ನೆ ಇರುವುದಿಲ್ಲ. ಜಾಹೀರಾತಿನ ವೆಚ್ಚದ ಲೆಕ್ಕವಿರುವುದಿಲ್ಲ. ಬಸದಿಯ ಕೀರ್ತಿಗೆ ಸಾಕ್ಷಿ ಶಾಸನದಲ್ಲಿರಬಹುದು, ಮುದುಕರ ನೆನಪಿನಲ್ಲಿರಬಹುದು. ಅದನ್ನು ನ್ಯಾಯಾಲಯದ ಕಾಗದವಾಗಿ ಮಾಡುವುದು ಸುಲಭವಲ್ಲ. ಊರಿನ ಹೆಸರಂತೂ ಯಾರೊಬ್ಬರದೂ ಅಲ್ಲ. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾದಾಗ ಹಳೆಯ ಹೆಸರಿನ ಪಕ್ಕದಲ್ಲಿ ಹೊಸ ಹೆಸರೊಂದು ಪೇಟೆಗೆ ಬಂದಂತಾಯಿತು. ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯ ಹೆಸರು ಒಬ್ಬ ಮಾರಾಟಗಾರನ ಚೀಲದಲ್ಲಿರಬಹುದೇ ಎಂಬ ಪ್ರಶ್ನೆ ಜೈನರಿಗಷ್ಟೇ ಅಲ್ಲ, ಎಲ್ಲರಿಗೂ ಸೇರಿದ್ದು. ಇಂಡಿಯ ಲಿಂಬೆಯ ವಿಷಯದಲ್ಲಿ ಮಾತ್ರ ಒಂದು ಮೇರೆ ದೊರೆತಿದೆ. ಅದಕ್ಕೆ ಭೌಗೋಳಿಕ ಗುರುತು ದೊರೆತಿರುವುದರಿಂದ ಆ ಹೆಸರು ಒಬ್ಬನ ಸ್ವತ್ತಾಗದೆ ಆ ನೆಲದ ಬೆಳೆಗಾರರೆಲ್ಲರ ಹೆಸರಾಗಿ ನಿಂತಿದೆ. ಒಂದು ಹೆಸರು ಅನೇಕರ ನ್ಯಾಸವಾಗಿರಬಲ್ಲದು ಎಂಬುದಕ್ಕೆ ಇದು ನಮ್ಮ ಮನೆಯಂಗಳದ ಉದಾಹರಣೆ.

ನಾಲ್ಕನೆಯ ಬಗೆ ಅತ್ಯಂತ ಸೂಕ್ಷ್ಮವಾದದ್ದು: ಮರೆತ ಹೆಸರನ್ನು ಎತ್ತಿಕೊಳ್ಳುವುದು. ಅಚೌರ್ಯವನ್ನು ವಿವರಿಸುವಾಗ ಸಮಂತಭದ್ರರು ಇಟ್ಟ ವಸ್ತು, ಬಿದ್ದ ವಸ್ತು, ಮರೆತ ವಸ್ತು ಎಂದು ಮೂರನ್ನೂ ಬೇರೆಬೇರೆಯಾಗಿ ಹೆಸರಿಸಿ, ಅವನ್ನು ತಾನೂ ತೆಗೆದುಕೊಳ್ಳಬಾರದು, ಇನ್ನೊಬ್ಬರಿಗೂ ಕೊಡಬಾರದು ಎಂಬ ಅರ್ಥದಲ್ಲಿ ಬೋಧಿಸಿದ್ದಾರೆ. ಅವಧಿ ಮುಗಿದ ಹೆಸರು ಕಾನೂನಿನ ದೃಷ್ಟಿಯಿಂದ ಬಿಟ್ಟ ಗುತ್ತಿಗೆ. ಒಡೆಯನು ಬೇಕೆಂದೇ ಬಿಟ್ಟಿದ್ದರೆ ಅದನ್ನು ಪಡೆಯುವುದರಲ್ಲಿ ದೋಷವಿಲ್ಲ. ಆದರೆ ಬಿಟ್ಟದ್ದು ಬೇರೆ, ಮರೆತದ್ದು ಬೇರೆ. ಬಸದಿಯ ಹೆಸರು ಜೂಜಿನವನಿಗೆ ಬೇಕಾಗಿ ಬಿಟ್ಟದ್ದಲ್ಲವೆಂಬುದು ಅದನ್ನು ಎತ್ತಿಕೊಂಡವನಿಗೆ ತಿಳಿದೇ ಇತ್ತು. ಇಲ್ಲದಿದ್ದರೆ ನಮಗೆ ಬೆಲೆ ಹೇಳಿ ಕಳಿಸುತ್ತಿರಲಿಲ್ಲ.

2015ರ ಸೆಪ್ಟೆಂಬರಿನಲ್ಲಿ ನಡೆದ ಪ್ರಸಂಗವೊಂದನ್ನು ಇದರೊಡನೆ ಹೋಲಿಸಬಹುದು. ಗುಜರಾತದ ಕಚ್ಛ ಮೂಲದ ಯುವಕನೊಬ್ಬನಿಗೆ ಗೂಗಲ್ ಸಂಸ್ಥೆಯ ಮುಖ್ಯ ಹೆಸರೇ ಯಾವುದೋ ಲೋಪದಿಂದ 12 ಡಾಲರಿಗೆ ದೊರೆಯಿತು. ಒಂದು ನಿಮಿಷದಲ್ಲಿ ಮಾರಾಟ ರದ್ದಾಯಿತು. ಅವನು ತನಗೆ ಕಂಡದ್ದನ್ನು ಸಂಸ್ಥೆಗೆ ತಿಳಿಸಿದನು. ಸಂಸ್ಥೆಯು ಬಹುಮಾನವಾಗಿ 6,006 ಡಾಲರ್ 13 ಸೆಂಟ್ ಕೊಡಲು ಮುಂದಾದಾಗ ಅದನ್ನು ದಾನಕ್ಕೆ ಕೊಡಬೇಕೆಂದು ಹೇಳಿದನು. ಸಂಸ್ಥೆ ಮೊತ್ತವನ್ನು ಇಮ್ಮಡಿಸಿತು. ಮತ್ತೊಂದು ಪ್ರಸಂಗ 2024ರದು. ಎರಡು ದೊಡ್ಡ ಮನರಂಜನಾ ಸಂಸ್ಥೆಗಳು ಒಂದಾಗಬಹುದೆಂದು ಊಹಿಸಿ ದೆಹಲಿಯ ಒಬ್ಬ ತಂತ್ರಜ್ಞನು ಜಿಯೋಹಾಟ್‌ಸ್ಟಾರ್ ಎಂಬ ಜೋಡಿ ಹೆಸರನ್ನು 2023ರಲ್ಲೇ ಪಡೆದಿಟ್ಟಿದ್ದನು. ಅದಕ್ಕೆ ಬದಲಾಗಿ ಕೇಂಬ್ರಿಜ್‌ನಲ್ಲಿ ತನ್ನ ವ್ಯಾಸಂಗದ ವೆಚ್ಚವನ್ನು ಭರಿಸಬೇಕೆಂದು ಬಹಿರಂಗವಾಗಿ ಕೇಳಿದನು; ಸಂಸ್ಥೆ ಒಪ್ಪಲಿಲ್ಲ. ಆಮೇಲೆ ದುಬೈಯಲ್ಲಿ ನೆಲೆಸಿದ ಭಾರತೀಯ ಕುಟುಂಬದ ಅಣ್ಣ-ತಂಗಿಯರಿಬ್ಬರು ಅವನಿಗೆ ನೆರವಾಗಲೆಂದು ಅದನ್ನು ಕೊಂಡು, ಯಾವ ಹಣವನ್ನೂ ಪಡೆಯದೆ ಸಂಸ್ಥೆಗೆ ಒಪ್ಪಿಸಲು ಸಿದ್ಧರೆಂದು ಪ್ರಕಟಿಸಿದರು. ತಂತ್ರಜ್ಞನ ವಿದ್ಯೆಯ ಆಸೆ ನಿಂದ್ಯವಲ್ಲ; ಸಾಧನ ಮಾತ್ರ ತೊಡಕಿನದು. ಕೈಗೆ ಸಿಕ್ಕಿದ ಹೆಸರನ್ನು ಕೈಬಿಡುವುದೂ ಸಾಧ್ಯವೆಂಬುದನ್ನು ಚಿಕ್ಕವರಿಂದ ಕಲಿತಂತಾಯಿತು.

ಜೈನ ತರ್ಕದಲ್ಲಿ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳುಂಟು. ಗುಣವನ್ನು ಅಪೇಕ್ಷಿಸದೆ ವ್ಯವಹಾರಕ್ಕಾಗಿ ಇಟ್ಟ ಹೆಸರು ನಾಮನಿಕ್ಷೇಪ. ಡೊಮೇನ್ ಹೆಸರು ಅದರ ಶುದ್ಧ ಉದಾಹರಣೆ. ಪಾರ್ಶ್ವನಾಥನ ಹೆಸರಿನ ಪುಟದಲ್ಲಿ ಜೂಜು ನಡೆಯಬಹುದು. ವಿಜಯಪುರದ ದರ್ಗಾ ಪ್ರದೇಶದ ಬಸದಿಯಲ್ಲಿ ಸಹಸ್ರಫಣಿ ಪಾರ್ಶ್ವನಾಥನು ಇದ್ದ ಹಾಗೆಯೇ ಇರುತ್ತಾನೆ. ಹೀಗಿರುವಾಗ ಹೆಸರು ಹೋದರೆ ಹೋಯಿತು ಎಂದು ಟ್ರಸ್ಟಿಗಳು ಸುಮ್ಮನಿರಬಹುದೇ? ಇರಲಾಗದು. ಭಗವಂತನಿಗೆ ಹೆಸರಿನಿಂದ ಕೊರತೆಯಿಲ್ಲ. ಆದರೆ ಆ ಹೆಸರನ್ನು ನಂಬಿ ಬರುವ ಸಾಮಾನ್ಯನು ಮೋಸಹೋಗುತ್ತಾನೆ. ಅವನ ನಂಬಿಕೆ ನಮ್ಮ ಬಳಿ ಇಟ್ಟ ನ್ಯಾಸ.

ನ್ಯಾಸಾಪಹಾರವನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಪ್ರಸಿದ್ಧವಾದದ್ದು: ಒತ್ತೆಯಿಟ್ಟವನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಸರಿ, ಅಷ್ಟೇ ತೆಗೆದುಕೋ ಎಂದು ಒಪ್ಪಿಬಿಡುವುದು. ಟ್ರಸ್ಟಿನ ಹಣದಿಂದ ಪಡೆದ ಹೆಸರನ್ನು ತನ್ನ ಹೆಸರಿನಲ್ಲಿ ಬರೆಸಿಕೊಳ್ಳುವ ಕೆಲಸಗಾರನೂ ಇದರ ಹತ್ತಿರಕ್ಕೆ ಬರುತ್ತಾನೆ. ನಮ್ಮ ತರುಣನು ದುರುದ್ದೇಶದಿಂದ ಹಾಗೆ ಮಾಡಿದನೆಂದು ನಾನು ಹೇಳಲಾರೆ. ಅವನಿಗೆ ಅದು ಸುಲಭವಾಗಿತ್ತು, ಅಷ್ಟೆ. ಹೆಚ್ಚಿನ ದೋಷ ಕೇಳದೆ ಸಹಿ ಹಾಕಿದ ಕಾರ್ಯದರ್ಶಿಯದು. ಪ್ರಮಾದವೂ ಹಿಂಸೆಗೆ ದಾರಿಯೆಂದು ಪ್ರವಚನಗಳಲ್ಲಿ ಕೇಳಿಯೂ, ಕಾಗದಪತ್ರದ ಮುಂದೆ ಅದನ್ನು ಮರೆತಿದ್ದೆ.

ಆದುದರಿಂದ ಬಸದಿಗಳ ವ್ಯವಸ್ಥಾಪಕರಲ್ಲಿ ಕೆಲವು ವಿನಂತಿಗಳು. ಹೆಸರನ್ನು ಟ್ರಸ್ಟಿನ ಹೆಸರಿನಲ್ಲೇ ನೋಂದಾಯಿಸಬೇಕು. ಬೆಳ್ಳಿಯ ಪ್ರಭಾವಳಿ, ಭೂಮಿಯ ಉತಾರೆಗಳ ಜೊತೆಯಲ್ಲಿ ಅದನ್ನೂ ಆಸ್ತಿಯ ವಹಿಯಲ್ಲಿ ಬರೆದು, ನವೀಕರಣದ ದಿನಾಂಕವನ್ನು ಠರಾವಿನಲ್ಲಿ ದಾಖಲಿಸಬೇಕು. ಗುಪ್ತಪದವು ಒಬ್ಬನ ಬಳಿ ಇರದೆ ಇಬ್ಬರು ಟ್ರಸ್ಟಿಗಳ ಬಳಿ ಇರಬೇಕು. ಸಾಧ್ಯವಾದಷ್ಟು ವರ್ಷಗಳ ಶುಲ್ಕವನ್ನು ಒಮ್ಮೆಗೇ ಕಟ್ಟುವುದು ಒಳ್ಳೆಯದು. ಡಾಟ್ ಇನ್ ಇದೆ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ಗುಂಪೂ ಇದೆ. ಧರ್ಮಸಂಸ್ಥೆಗಳು ಮೆಚ್ಚುವ ಡಾಟ್ ಆರ್ಗ್ ಗುಂಪನ್ನು ನಿರ್ವಹಿಸುವ ಸಂಸ್ಥೆಯನ್ನೇ 113 ಕೋಟಿ 50 ಲಕ್ಷ ಡಾಲರಿಗೆ ಒಂದು ಬಂಡವಾಳ ಸಂಸ್ಥೆಗೆ ಮಾರಲು 2019ರಲ್ಲಿ ಹೊರಟಿದ್ದರು; ಲೋಕದ ಸೇವಾಸಂಸ್ಥೆಗಳು ವಿರೋಧಿಸಿದ ಮೇಲೆ ಐಕಾನ್ 2020ರ ಏಪ್ರಿಲ್ 30ರಂದು ಒಪ್ಪಿಗೆ ನಿರಾಕರಿಸಿತು. ಒಂದು ಹೆಸರಷ್ಟೇ ಅಲ್ಲ, ಹೆಸರುಗಳ ಇಡೀ ಬೀದಿಯೇ ಮಾರಾಟಕ್ಕೆ ಬರಬಹುದೆಂಬುದನ್ನು ಇದು ನೆನಪಿಸುತ್ತದೆ. ಆದರೆ ಭಯದಿಂದ ಇಪ್ಪತ್ತು ಹೆಸರುಗಳನ್ನು ಕೂಡಿಹಾಕುವುದೂ ಬೇಡ. ರಕ್ಷಣೆಯ ಹೆಸರಿನಲ್ಲಿಯೂ ಅತಿಸಂಗ್ರಹ ಅತಿಸಂಗ್ರಹವೇ.

ನಮ್ಮ ಟ್ರಸ್ಟ್ ಕೊನೆಗೆ ಹಣ ಕೊಡಲಿಲ್ಲ. ಬೇರೊಂದು ಹೆಸರನ್ನು ಟ್ರಸ್ಟಿನ ಹೆಸರಿನಲ್ಲಿ ಪಡೆದು, ವಾರ್ಷಿಕ ಪೂಜೆಯ ಆಮಂತ್ರಣದಲ್ಲಿ ಅಚ್ಚು ಮಾಡಿಸಿ, ಹಳೆಯದು ನಮ್ಮದಲ್ಲವೆಂದು ತಿಳಿಸಿದೆವು. ಹಳೆಯ ಪುಟ ಇನ್ನೂ ಇದೆ. ದೂರದ ಊರುಗಳ ಕೆಲವರು ಇಂದಿಗೂ ಅದನ್ನು ತೆರೆದು ನೊಂದುಕೊಂಡು ದೂರವಾಣಿ ಮಾಡುತ್ತಾರೆ. ಈ ನಷ್ಟವನ್ನು ನಾವು ಹೊರಬೇಕಾಗಿದೆ.

ಯುವಕನಿಗೆ ನಾನು ಕೊಟ್ಟ ಉತ್ತರವನ್ನೇ ಇಲ್ಲಿ ಬರೆದು ಮುಗಿಸುತ್ತೇನೆ. ಒಂದು ಹೆಸರನ್ನು ಕೊಳ್ಳುವಾಗ, ಇದನ್ನು ನನ್ನಿಂದ ಕೊಳ್ಳುವವನು ಯಾರು ಎಂದು ಮನಸ್ಸಿನಲ್ಲಿ ಕೇಳಿಕೊಳ್ಳಲಿ. ಯಾರಾದರೂ ಆಗಬಹುದು ಎಂಬ ಉತ್ತರ ಬಂದರೆ ಅದು ವ್ಯಾಪಾರ; ಪರಿಮಾಣವನ್ನು ಮೀರದಂತೆ ನೋಡಿಕೊಳ್ಳಲಿ. ಒಬ್ಬನೇ ಒಬ್ಬನ ಮುಖ ಕಣ್ಣಮುಂದೆ ಬಂದರೆ, ಅದು ಅವನದೇ ವಸ್ತು. ಶುಲ್ಕವನ್ನಷ್ಟೇ ಪಡೆದು ಒಪ್ಪಿಸಲಿ. ಅವನ ಮೂರು ಹೆಸರುಗಳಲ್ಲಿ ಎರಡು ಸಾಮಾನ್ಯ ಶಬ್ದಗಳು. ಮೂರನೆಯದು ನಮ್ಮ ಪೇಟೆಯ ಹಳೆಯ ಪೇಢಿಯೊಂದರ ಹೆಸರು. ಅದನ್ನು ಏನು ಮಾಡುವೆನೆಂದು ಅವನು ಇನ್ನೂ ಹೇಳಿಲ್ಲ. ಆ ಪೇಢಿಯ ಮುದುಕರು ಪ್ರತಿದಿನ ಬೆಳಗ್ಗೆ ಬಸದಿಯಲ್ಲಿ ಅವನ ಪಕ್ಕದಲ್ಲೇ ನಿಂತು ಅಭಿಷೇಕವನ್ನು ನೋಡುತ್ತಾರೆ.